ಗೋಡೆಯ ಮೇಲಿನ ಗುರುಪರಂಪರೆ

ಗಣಿತ ವಿಭಾಗದ ಗೋಡೆಗೆ ಬಿಳಿ ರಟ್ಟಿನ ದೊಡ್ಡ ಪಟ ಏರಿತ್ತು. ಯಾರು ಯಾರ ಕೈಕೆಳಗೆ ಡಾಕ್ಟರೇಟ್ ಮಾಡಿದರು ಎಂದು ಗೆರೆ ಎಳೆಯುತ್ತಾ ಹನ್ನೊಂದು ತಲೆಮಾರು ಹಿಂದಕ್ಕೆ ಹೋಗಿದ್ದರು. ಆ ಪಟ್ಟಿ ಕಲೆಹಾಕಲು ಆರು ತಿಂಗಳು ಧೂಳು ಕುಡಿದವಳು ಲೈಬ್ರರಿಯವಳು. ಈಗ ಅನಾವರಣಕ್ಕೆಂದು ಹಾಕಿದ್ದ ಪರದೆ ಎತ್ತಿ ಪಟದ ಕೆಳತುದಿ ನೋಡಿ ಅವಳಿಗೆ ಮೈಯೆಲ್ಲ ಉರಿದುಹೋಯಿತು.

ವಿಭಾಗದ ಮುಖ್ಯಸ್ಥನ ಹೆಸರಿನ ಮೇಲೆ, ಗುರುವಿನ ಜಾಗದಲ್ಲಿ, ಅವಳ ಸೋದರತ್ತೆಯ ಹೆಸರಿರಬೇಕಿತ್ತು. ಅದನ್ನು ಹೊಡೆದುಹಾಕಿ ಹಳೆಯ ಡೀನರನ್ನು ಕೂರಿಸಿದ್ದರು. "ನಿನ್ನ ಹೆಸರು ಗೋಡೆ ಮೇಲೆ ಬರುತ್ತೆ, ನಾಲ್ಕು ಗಂಟೆಗೆ ಬಾ ಅತ್ತೆ" ಎಂದು ಅವಳು ಆಗಲೇ ಕರೆದೂ ಆಗಿತ್ತು.

ಹಿಂದೆ ಐದು ವರ್ಷ, ಪ್ರತಿ ಭಾನುವಾರ, ಈ ಮುಖ್ಯಸ್ಥ ಮಹಾನುಭಾವ ಅತ್ತೆಯ ಊಟದ ಮೇಜಿಗೆ ಪ್ರಬಂಧದ ಕರಡು ತರುತ್ತಿದ್ದ. ಅತ್ತೆ ಹಸಿರು ಪೆನ್ಸಿಲಿನಲ್ಲಿ ಅಂಚಿಗೆ 'ಹೇಗೆ? ತೋರಿಸು' ಎಂದು ಬರೆಯುವಳು. ಇವನು "ತಿದ್ದಿಕೊಂಡು ಬರ್ತೀನಿ ಮೇಡಂ" ಎಂದು ಬೆವರೊರೆಸಿಕೊಂಡು ಹೋಗುವನು. ಆದರೆ ಅತ್ತೆಗೇ ಡಾಕ್ಟರೇಟ್ ಇರಲಿಲ್ಲವಲ್ಲ, ಮಾರ್ಗದರ್ಶಕರ ಸಹಿ ಮಾತ್ರ ಡೀನರದು. ಆ ಪುಣ್ಯಾತ್ಮ ಮುಖಪುಟ ದಾಟಿದ್ದರೆ ಅದೇ ದೊಡ್ಡದು.

ಲೈಬ್ರರಿಯವಳು ಅವನ ಪ್ರಬಂಧವನ್ನು ಕಂಕುಳಲ್ಲಿಟ್ಟುಕೊಂಡು ಅವನ ಕೋಣೆಗೆ ನುಗ್ಗಿದಳು.

"ಸಾರ್, ನಿಮಗೆ ಕಲಿಸಿದ್ದು ಯಾರು?"

"ನೋಡಮ್ಮಾ, ಸಹಿ ಯಾರದೋ ಅವರೇ ಗುರು. ಅದು ನಿಯಮ. ನಾನೇನೂ ಮರೆತಿಲ್ಲ, ಪ್ರಬಂಧದಲ್ಲೇ ಅವರಿಗೆ ಧನ್ಯವಾದ ಹೇಳಿದೀನಿ."

ಮನೆಯ ವಿಷಯ, ಗೊತ್ತಿದ್ದದ್ದೇ ಎಂದು ಧನ್ಯವಾದದ ಪುಟ ಅವಳು ತೆರೆದೇ ಇರಲಿಲ್ಲ. ಈಗ ತೆರೆದಳು. ಹೇಳಿದ್ದ, ನಿಜ. 'ಅಚ್ಚುಕಟ್ಟಾಗಿ ಟೈಪ್ ಮಾಡಿಕೊಟ್ಟಿದ್ದಕ್ಕೆ' ಎಂದು ಹೇಳಿದ್ದ.

"ನಮ್ಮತ್ತೆಗೆ ಟೈಪಿಂಗೇ ಬರಲ್ಲ! ನಾಚಿಕೆ ಆಗಲ್ವಾ ನಿಮಗೆ?"

"ಅತಿಥಿಗಳು ಬಂದ್ರು, ಆಮೇಲೆ ಮಾತಾಡೋಣ" ಎಂದು ಅವನು ಕೋಟು ಸರಿಮಾಡಿಕೊಂಡು ಹೊರಟೇಬಿಟ್ಟ.

ನಾಲ್ಕು ಗಂಟೆಗೆ ಪಟದ ಪರದೆ ಸರಿಯಿತು, ಚಪ್ಪಾಳೆ ಬಿತ್ತು. ಮುಂದಿನ ಸಾಲಿನಲ್ಲಿದ್ದ ಅತ್ತೆ ಕನ್ನಡಕ ಏರಿಸಿ ತನ್ನ ಹೆಸರು ಹುಡುಕಿದಳು. ಮೇಲಿಂದ ಕೆಳಕ್ಕೆ, ಮತ್ತೆ ಕೆಳಗಿಂದ ಮೇಲಕ್ಕೆ. ಲೈಬ್ರರಿಯವಳು ಬಂದು ಆ ಪುಟವನ್ನೇ ಅತ್ತೆಯ ಮುಂದೆ ಹಿಡಿದಳು.

ಅತ್ತೆ ಓದಿದಳು. ಚೀಲದಿಂದ ಮೋಟು ಪೆನ್ಸಿಲ್ ತೆಗೆದು ಗೋಡೆಯ ಹತ್ತಿರ ನಡೆದು, ಡೀನರಿಗೂ ಮುಖ್ಯಸ್ಥನಿಗೂ ನಡುವಿನ ಗೆರೆಯ ಪಕ್ಕದಲ್ಲಿ ಹಸಿರಿನಲ್ಲಿ ಬರೆದಳು: 'ಹೇಗೆ? ತೋರಿಸು.'

ಭಾಷಣಕ್ಕೆ ನಿಂತಿದ್ದ ಮುಖ್ಯಸ್ಥ ತಿರುಗಿ ನೋಡಿದ. ಹಣೆಯಲ್ಲಿ ಬೆವರೊಡೆಯಿತು.

"ತಿದ್ದಿಕೊಂಡು ಬರ್ತೀನಿ ಮೇಡಂ" ಎಂದುಬಿಟ್ಟ.

ಮೈಕು ಆನ್ ಆಗಿತ್ತು.