ಜಲಜಕ್ಕನ ಗಾಡಿಯ ಲೆಕ್ಕ

ಸಾನಪಾಡಾದ ಬಸ್‌ಸ್ಟಾಪಿನಲ್ಲಿ ಒಂದು ಹಸಿರು ಸೆರಗು, ಅದರಡಿ ಎರಡು ಜಡೆ, ಆ ರಿಬ್ಬನ್ ಬೆಳಿಗ್ಗೆ ನಾನೇ ಕಟ್ಟಿದ್ದಲ್ಲವೇ, ಹೌದು, ನಮ್ಮ ಅನುಷ್ಕಾ, ಅವಳ ತಲೆಗೆ ಸೆರಗಿನ ನೆರಳು ಹಿಡಿದು ತಾವು ಬಿಸಿಲಿಗೆ ಮುಖ ಕೊಟ್ಟು ನಿಂತವರು ಜಲಜಕ್ಕ — ಹಾಗಾದರೆ ಹೇಳಿದ್ದನ್ನು ಮಾಡಿಯೇಬಿಟ್ಟರು, ತಮ್ಮ ಫಿಯೆಟ್ ಕಾರನ್ನು ಮನೆಯಲ್ಲೇ ಬಿಟ್ಟು ಮಗುವನ್ನು ಶಾಲೆಯಿಂದ ಬಸ್ಸಿನಲ್ಲಿ ಕರೆತರುತ್ತಿದ್ದಾರೆ, ನಾನೋ ಮಹಾಪೆಯ ಆಫೀಸಿನಲ್ಲಿ ಶನಿವಾರದ ಅರ್ಧ ದಿನ ಮುಗಿಸಿ, ಕಂಪೆನಿ ಬಸ್ಸಿನ ಕಿಟಕಿ ಪಕ್ಕ ಮಹಾರಾಣಿಯ ಹಾಗೆ ಪುಕ್ಕಟೆ ಕುಳಿತಿದ್ದೇನೆ, ಸಿಗ್ನಲ್ ಇನ್ನೂ ಕೆಂಪು. ಎಂಥ ಹೆಂಗಸಪ್ಪ ಇವರು, ನಾನು ಆಫೀಸಿನಲ್ಲಿರುವಾಗ ಮಗು ನೋಡುವ ಕೆಲಸ ಬಿಡಲಿಲ್ಲ, ಮುಖ ದಪ್ಪ ಮಾಡಲಿಲ್ಲ, ಗಾಡಿ ಮಾತ್ರ ನಿಲ್ಲಿಸಿದರು. ಗಂಡ ಜಯಶೀಲಣ್ಣ ಸೊಂಟನೋವಿಗೆ ಹಾಸಿಗೆ ಹಿಡಿದು ಕ್ಯಾಂಟೀನ್ ಮುಚ್ಚಿದಾಗ ಆ ಹಳೇ ಕಾರನ್ನು ಮಾರಿ ಎಂದವರೇ ಎಲ್ಲ, ಇವರು ಮಾರಲಿಲ್ಲ, ಹೈವೇಯ ಲಾರಿಗಳ ನಡುವೆ ಹಾರ್ನ್ ಬಾರಿಸುತ್ತ ಓಡಿಸಲು ಕಲಿತರು, ಅನುಷ್ಕಾಳಿಗೆ ಶಾಲೆಯಲ್ಲಿ ದಮ್ಮು ಕಟ್ಟಿದ ದಿನ ರಿಕ್ಷಾ ಸಿಗದ ಮಳೆಯಲ್ಲಿ ಆಸ್ಪತ್ರೆ ಮುಟ್ಟಿಸಿ ಆಮೇಲೆ ನನಗೆ ಫೋನು, ಗಾಬರಿ ಬೇಡ, ಮಗು ಈಗ ಇಡ್ಲಿ ಕೇಳ್ತಾ ಉಂಟು — ಆ ಫೋನು ಹಿಡಿದು ನಾನು ಅತ್ತದ್ದು ಇಡೀ ಆಫೀಸು ನೋಡಿತು. ಅಂಥವರು ಮೊನ್ನೆ ಬಾಯಿಬಿಟ್ಟು ಕೇಳಿದರು, ಪೆಟ್ರೋಲ್ ಒಂದೇ ಅಲ್ಲ, ಟೈರು ಬ್ರೇಕು ಎಲ್ಲ ನನ್ನ ಕೈಯಿಂದ ಹೋಗ್ತದೆ, ಕಿಲೋಮೀಟರಿಗೆ ಇಷ್ಟು ಅಂತ ಮಾಡುವ. ನನ್ನ ಯಜಮಾನರು ಪ್ರೇಮನಾಥರಿಗೆ ನಗು, ಜಲಜಕ್ಕ ನಮ್ಮವರೇ ಅಲ್ಲವಾ, ನಮ್ಮವರ ಹತ್ತಿರ ಎಂಥ ಕಿಲೋಮೀಟರು, ಅವರೇನು ಟ್ಯಾಕ್ಸಿಯಾ, ಊರಿನ ಕ್ರಮದಲ್ಲಿ ಮರ್ಯಾದೆಗೆ ಏನಾದರೂ ಕೊಡು. ನಾನೂ ಜಾಣೆ, ಹರಿವಾಣದಲ್ಲಿ ವೀಳ್ಯದೆಲೆ, ಅಡಿಕೆ, ರವಿಕೆ ಕಣ, ಮಲ್ಲಿಗೆ, ಅದರಡಿ ನೋಟು ಮಡಚಿಟ್ಟು ನಿನ್ನೆ ಸಂಜೆ ಮುಂದೆ ಹಿಡಿದೆ, ಅವರು ಮಲ್ಲಿಗೆ ಮುಡಿದರು, ಕಣ ಕಣ್ಣಿಗೊತ್ತಿಕೊಂಡರು, ನೋಟು ಹರಿವಾಣದಲ್ಲೇ ಉಳಿಯಿತು. ಇದು ತಂಗಿ ಕೊಟ್ಟದ್ದು, ತಗೊಂಡೆ, ಅಂದರು. ಗಾಡಿಯದ್ದು ಬೇರೆ ಮಾರಾಯ್ತಿ, ಅದು ತೀರ್ಮಾನ ಆಗುವವರೆಗೆ ಮಗುವನ್ನು ಬಸ್ಸಿನಲ್ಲಿ ಕರ್ಕೊಂಡು ಬರ್ತೇನೆ. ಧ್ವನಿ ಒಂದಿಷ್ಟೂ ಏರಲಿಲ್ಲ, ನನಗಂತೂ ಅವರ ಮೇಲೆ ಅಭಿಮಾನವೇ ಬಂತು, ನನ್ನ ಕೈಯ ಹರಿವಾಣ ಮಾತ್ರ ಎಲ್ಲಿಡುವುದೆಂದು ತಿಳಿಯಲಿಲ್ಲ. ಆಫೀಸಿನಲ್ಲಿ ಮ್ಯಾನೇಜರರು ಸ್ವಂತ ಕಾರಿನಲ್ಲಿ ಫ್ಯಾಕ್ಟರಿಗೆ ಹೋದರೆ ಕಿಲೋಮೀಟರ್ ವೋಚರಿಗೆ ಸಹಿ ಹಾಕಿ ಕಳಿಸುವವಳು ನಾನೇ, ಅವರು ನಮ್ಮವರು, ಎಲೆ ಅಡಿಕೆ ಸಾಕು ಎಂದು ಒಂದು ದಿನವೂ ಅನ್ನಿಸಿದ್ದಿಲ್ಲ — ಇವರು ಬಿಟ್ಟು ಹೋದರೆ ಅನುಷ್ಕಾ ಯಾರ ಕೈಗೆ, ನನ್ನ ನೌಕರಿ ಎಲ್ಲಿ, ಇಲ್ಲ, ಇಳಿಯಬೇಕು, ಭಾವೂ, ಜರಾ ದರವಾಜಾ, ಡ್ರೈವರ್ ಗೊಣಗುತ್ತಲೇ ಬಾಗಿಲು ತೆಗೆಯುತ್ತಾನೆ, ಗೊಣಗಲಿ, ರಸ್ತೆ ಸುಡುತ್ತಿದೆ, ಮಮ್ಮೀ ಆಪ್ ಯಹಾಂ ಕೈಸೇ, ನನ್ನನ್ನು ಇಲ್ಲಿ ಕಂಡು ಮಗಳಿಗೆ ಆಶ್ಚರ್ಯ, ಇರು ಮಗಾ, ಜಲಜಕ್ಕಾ, ಆಫೀಸಿನ ರೇಟೇ ಕೊಡ್ತೇನೆ, ಕಿಲೋಮೀಟರ್ ಲೆಕ್ಕ, ಹಿಂದಿನದ್ದೂ ಸೇರಿಸಿ, ಆಸ್ಪತ್ರೆಗೆ ಹೋದದ್ದೂ, ಎಲ್ಲ. ಅವರು ನನ್ನನ್ನು ನೋಡಿದರು, ಕೋಪವಿಲ್ಲ, ಗೆದ್ದೆ ಎಂಬುದೂ ಇಲ್ಲ. ಇನ್ನು ಮುಂದಿನದ್ದು ಕೊಡು, ಸೋಮವಾರ ಗಾಡಿ ತರ್ತೇನೆ. ಹಿಂದಿನದ್ದು ಬೇಡ, ಅದು ನಾನು ಕೊಟ್ಟದ್ದು. ನಾನು ಕೊಟ್ಟದ್ದು — ಇಷ್ಟು ದಿನ ನಾವು ಉಳಿಸಿದೆವು ಎಂದುಕೊಂಡದ್ದು, ಅವರು ಕೊಟ್ಟದ್ದು, ಮನೆ ಕಡೆಯ ನೆರೂಳಿನ ಬಸ್ಸು ಬಂತು, ಜನ ನುಗ್ಗುತ್ತಿದ್ದಾರೆ, ಜಲಜಕ್ಕನ ಕೈ ಇನ್ನೂ ಇಳಿದಿಲ್ಲ, ಮಗುವಿನ ತಲೆಯ ಮೇಲೆ ಆ ಹಸಿರು ಸೆರಗು, ಅದನ್ನು ಎತ್ತಿ ಹಿಡಿದ ಆ ಕೈ, ಆ ಕೈ