ಬಂದೆ ಮಗಾ, ಅಲ್ಲೇ ಇರು

ವರ್ನೀಟಾ ಫೋನನ್ನು ಕರವಸ್ತ್ರದಲ್ಲಿ ಸುತ್ತಿ, ಕೈಚೀಲದ ತಳಕ್ಕೆ ತುರುಕಿ, ಅದರ ಮೇಲೆ ಮೊಣಕೈ ಊರಿ ಕುಳಿತಳು. ಆದರೂ ಅದು ಗುಂಯ್‌ಗುಡುತ್ತಲೇ ಇತ್ತು. ಫೋನಿನ ಒಡತಿ ಎಥೆಲಿನ್ ದೊಡ್ಡಮ್ಮ ಮಾತ್ರ ಎದುರಿಗಿದ್ದ ಶವಪೆಟ್ಟಿಗೆಯಲ್ಲಿ, ನೇರಳೆ ಟೋಪಿ ಹಾಕಿಕೊಂಡು, ತನಗೂ ಅದಕ್ಕೂ ಸಂಬಂಧವೇ ಇಲ್ಲವೆಂಬಂತೆ ತಣ್ಣಗೆ ಮಲಗಿದ್ದಳು.

"ಮಾತಾಡೋರು ಎರಡೆರಡೇ ನಿಮಿಷ ಮಾತಾಡಿ," ಎಂದರು ಪಾದ್ರಿಗಳು. ದ್ವೀಪದ ಜನಕ್ಕೆ ಎರಡು ನಿಮಿಷ ಗಂಟಲು ಸರಿಮಾಡಿಕೊಳ್ಳುವುದಕ್ಕೂ ಸಾಲದು. ಪಕ್ಕದ ಮನೆಯ ಡೊರೆತಾ ಆಗಲೇ ಎದ್ದು ನಿಂತಿದ್ದಳು.

"ಬಿರುಗಾಳಿಗೆ ನನ್ ಮನೆ ಸೂರು ಹಾರಿಹೋಯ್ತಲ್ಲ, ಆವತ್ತು ಅಳ್ತಾ ಎಥೆಲಿನಕ್ಕನ ಪೇಜಲ್ಲಿ ಬರೆದೆ. ಅವಳು ಏನಂದ್ಲು ಗೊತ್ತಾ? 'ಸೂರು ಹೋದ್ರೆ ಹೋಗ್ಲಿ, ನಿನ್ ಬಾಯಿ ಉಳಿದಿದ್ಯಲ್ಲ, ಅದೇ ಸಾಕು. ಬಂದೆ ಮಗಾ, ಅಲ್ಲೇ ಇರು!' ಸಂಜೆಯೊಳಗೆ ಊರಿಗೆ ಊರೇ ಟಾರ್ಪಾಲು ಹೊತ್ಕೊಂಡು ಬಂತು."

"ಹೌದಮ್ಮಾ, ಹೌದು!" ಎಂದು ಚರ್ಚೆಲ್ಲ ದನಿಗೂಡಿಸಿತು. ನಗು, ಅಳು ಎರಡೂ ಒಟ್ಟಿಗೇ ಬಂದವು.

ವರ್ನೀಟಾ ನೆಲ ನೋಡಿದಳು. ಬಾಯಿಯ ಬಗೆಗಿನ ಆ ಕುಚೋದ್ಯ ಅವಳದೇ ಆಗಿತ್ತು. ಆ ಹೊತ್ತಿಗೆ ದೊಡ್ಡಮ್ಮ ನಿದ್ದೆ ಮಾಡುತ್ತಿದ್ದಳು.

*

ಮೊದಲು ಅದು ದೊಡ್ಡಮ್ಮ ಇಂಟರ್ನೆಟ್ಟಿನಲ್ಲಿ ತೆರೆದ ಬರೀ ಹಳೆಯ ಫೋಟೋಗಳ ಪೇಜು, ಹೆಸರು 'ದಂಡೆಯ ಜನ'. ಪ್ರತಿ ಭಾನುವಾರ ಚರ್ಚು ಮುಗಿಸಿ ಬಂದು ದೊಡ್ಡಮ್ಮ ಒಂದು ಫೋಟೋ ಹಾಕುತ್ತಿದ್ದಳು. ಸಿಂಪಿ ಸುಲಿಯುವ ಶೆಡ್ಡಿನ ಮುಂದೆ ನಿಂತ ಈ ಹುಡುಗಿ ಯಾರ ಮನೆಯವಳು? ಹುಲ್ಲಿನ ಬುಟ್ಟಿ ಹೆಣೆಯುತ್ತಿರುವ ಈ ಕೈ ಯಾರದು? ಗುಲಾಮರಾಗಿ ಈ ದ್ವೀಪಕ್ಕೆ ಬಂದಿಳಿದವರ ಮರಿಮಕ್ಕಳು ನ್ಯೂಯಾರ್ಕಿನಿಂದ, ಫಿಲಡೆಲ್ಫಿಯಾದಿಂದ 'ಅಯ್ಯೋ, ನಮ್ಮಜ್ಜಿ!' ಎಂದು ಬರೆದು ಅಳುತ್ತಿದ್ದರು. ಒಂದು ದಿನ ಅಂಥದೇ ಫೋಟೋದ ಕೆಳಗೆ ಯಾರೋ, ಅಮ್ಮನ್ನ ಆಸ್ಪತ್ರೆಗೆ ಕರ್ಕೊಂಡು ಹೋಗೋಕೆ ಕಾರು ಸಿಗುತ್ತಾ ಎಂದು ಕೇಳಿದರು. ದೊಡ್ಡಮ್ಮ 'ಬಂದೆ ಮಗಾ' ಎಂದು ಬರೆದಳು. ಅಲ್ಲಿಂದಾಚೆ ಆ ಫೋನು ಬಾಯಿ ಮುಚ್ಚಲಿಲ್ಲ.

ದೊಡ್ಡಮ್ಮನ ಕಣ್ಣು ಮಂಜಾದಾಗ ವರ್ನೀಟಾ ಸವಾನಾ ಪಟ್ಟಣದ ತನ್ನ ಕೂದಲು ಸಿಂಗರಿಸುವ ಅಂಗಡಿ ಬಿಟ್ಟು ಎರಡು ವಾರಕ್ಕೆಂದು ಬಂದಳು. ಬಂದವಳು ಮೂರು ವರ್ಷ ಉಳಿದಳು. ಮೊದಮೊದಲು ದೊಡ್ಡಮ್ಮ ಹೇಳುತ್ತಿದ್ದಳು, ಇವಳು ಬರೆಯುತ್ತಿದ್ದಳು. ಆಮೇಲೆ ಒಂದು ಮಧ್ಯಾಹ್ನ ದೊಡ್ಡಮ್ಮ ಗೋಡೆಯ ಕಡೆ ಹೊರಳಿ, "ನಂಗೆ ಸಾಕಾಗಿದೆ ಕಣೇ. ನೀನೇ ಏನಾದ್ರೂ ಬರಿ, ನನ್ ಹಾಗೇ ಬರಿ," ಎಂದುಬಿಟ್ಟಳು. ವರ್ನೀಟಾ ಬರೆದಳು. ದೊಡ್ಡಮ್ಮನಿಗಿಂತ ಚೆನ್ನಾಗಿಯೇ ದೊಡ್ಡಮ್ಮನ ಹಾಗೆ ಬರೆದಳು. ಅದೇ ಅವಳ ಗ್ರಹಚಾರವಾಯಿತು.

*

ಇವತ್ತಿಗೆ ಅದೆಲ್ಲ ಮುಗಿಯಬೇಕು. ಸೋಮವಾರದಿಂದ ಕೆಲಸಕ್ಕೆ ಬಾ ಎಂದು ಸವಾನಾದಲ್ಲಿ ಗೆಳತಿ ತನ್ನ ಅಂಗಡಿಯಲ್ಲಿ ಒಂದು ಕುರ್ಚಿ ಖಾಲಿ ಇಟ್ಟಿದ್ದಾಳೆ. ಹೊರಗೆ ನಿಂತ ಕಾರಿನ ಮುಂದಿನ ಸೀಟಿನಲ್ಲಿ ವರ್ನೀಟಾಳ ಸೂಟ್‌ಕೇಸು ಕೂತಿದೆ. ದ್ವೀಪದ ಪದ್ಧತಿಯಂತೆ ಈ ಫೋನನ್ನು ಗೋರಿಯ ಮೇಲೆ ಒಡೆದರೆ ಅವಳಿಗೆ ಬಿಡುಗಡೆ. ಹಾಗೆಂದುಕೊಂಡಾಗಲೇ ಅದು ಮತ್ತೆ ಗುಂಯ್ ಎಂದಿತು.

ಅವಳು ನೋಡಬಾರದಿತ್ತು, ನೋಡಿದಳು. ಲೂಷಸ್ ಮುದುಕ ಪೇಜಿನಲ್ಲಿ ಬರೆದಿದ್ದ: 'ಡಯಾಲಿಸಿಸ್ ಮುಗೀತು. ಕರ್ಕೊಂಡು ಹೋಗೋರು ಯಾರೂ ಬಂದಿಲ್ಲ.' ಬರುವುದಾದರೂ ಯಾರು? ಕಾರು ಓಡಿಸುವವರೆಲ್ಲ ಇಲ್ಲಿ ಬೆಂಚಿನ ಮೇಲೆ ಬೀಸಣಿಗೆ ಆಡಿಸುತ್ತಿದ್ದರು. ತಲೆ ಏನನ್ನೂ ಯೋಚಿಸುವ ಮೊದಲೇ ಅವಳ ಹೆಬ್ಬೆರಳು ಮೂರು ವರ್ಷದಿಂದ ಮಾಡುತ್ತಿದ್ದ ಕೆಲಸವನ್ನು ಮಾಡಿ ಮುಗಿಸಿತ್ತು.

ಬಂದೆ ಮಗಾ, ಅಲ್ಲೇ ಇರು.

ಚರ್ಚಿನ ಜೇಬುಗಳಲ್ಲಿ, ಚೀಲಗಳಲ್ಲಿ ಒಂದೊಂದೇ ಫೋನು ಗುನುಗಿತು. ಕದ್ದು ನೋಡಿದವರ ಕಣ್ಣಿಗೆ ಕಂಡದ್ದು ನೇರಳೆ ಟೋಪಿಯ ಎಥೆಲಿನ್‌ಳ ಫೋಟೋ, ಅವಳ ಹೆಸರು, ಅವಳ ಮಾತು.

"ಅಯ್ಯೋ ಏಸಪ್ಪಾ! ಎದ್ಲು!" ಎಂದು ಹಿಂದಿನ ಸಾಲಿನಲ್ಲಿ ಯಾರೋ ಕಿರುಚಿದರು. ಬಿಳಿ ಉಡುಪಿನ ಚರ್ಚಿನ ಸ್ವಯಂಸೇವಕಿಯರು ಕಿರುಚಿದವರಿಗೆ ಗಾಳಿ ಹಾಕಲು ಓಡಿದರು. ಜನ ಪೆಟ್ಟಿಗೆಯನ್ನೊಮ್ಮೆ, ಫೋನನ್ನೊಮ್ಮೆ ನೋಡಿದರು. ಡೊರೆತಾ ಮಾತ್ರ ವರ್ನೀಟಾಳ ಮಡಿಲು ನೋಡಿದಳು.

"ನೀನಾ?"

ವರ್ನೀಟಾ ಫೋನನ್ನು ಕರವಸ್ತ್ರದಡಿ ಸರಿಸಿದಳು. "ಅಭ್ಯಾಸಬಲ ಅಕ್ಕಾ. ಗೊತ್ತಾಗದೆ..."

"ಸೂರು ಹೋದಾಗ ಬರೆದದ್ದೂ ನೀನೇನಾ?"

ವರ್ನೀಟಾ ಹೌದೆಂದು ತಲೆಯಾಡಿಸಿದಳು. ಬೈಗುಳಕ್ಕೆ ಅವಳು ಸಿದ್ಧಳಾಗಿದ್ದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಡೊರೆತಾ ಬಂದು ಅವಳನ್ನು ಉಸಿರು ಕಟ್ಟುವ ಹಾಗೆ ಅಪ್ಪಿಕೊಂಡಳು.

"ಕೇಳಿಸ್ಕೊಂಡ್ರಾ? ಇಷ್ಟು ದಿನ ಈ ಮಗೂನೇ ಬರೀತಿದ್ದದ್ದಂತೆ! ನಾವು ಅನಾಥರಾದ್ವಿ ಅಂತ ಅಳ್ತಾ ಕೂತಿದ್ದೀವಲ್ಲ, ಏನೂ ಹೋಗಿಲ್ಲ ಕಣ್ರೋ, ಏನೂ ನಿಂತಿಲ್ಲ!"

"ಹೌದಮ್ಮಾ, ಹೌದು!" ಎಂದಿತು ಚರ್ಚು, ಮೊದಲಿಗಿಂತ ಜೋರಾಗಿ. ಇಷ್ಟು ಪ್ರೀತಿಯ ನಡುವೆ ಬಾಗಿಲು ಯಾವ ಕಡೆಗಿದೆ ಎಂಬುದೇ ವರ್ನೀಟಾಳಿಗೆ ಕಾಣಲಿಲ್ಲ.

*

"ಸತ್ತ ಮೇಲೆ ಇದನ್ನ ಒಡೆದು ಹಾಕೇ," ಎಂದಿದ್ದಳು ದೊಡ್ಡಮ್ಮ, ಕೊನೆಗೆ ಹಾಸಿಗೆ ಹಿಡಿದಾಗ.

"ಬದುಕಿದ್ದಾಗ ನೀನೇ ಒಡೀಬಹುದಿತ್ತಲ್ಲ?"

"ಸುತ್ತಿಗೆ ತಗೊಂಡು ಹಿತ್ತಲಿಗೆ ಹೋಗಿದ್ದೆ. ಒಂದ್ಸಲ ಅಲ್ಲ. ಹೋದಾಗಲೆಲ್ಲ ಯಾರಾದ್ರೂ ಕೂಗೋರು." ಅವಳು ನಕ್ಕಳು. ನಗು ಕೆಮ್ಮಾಯಿತು. "ಒಂದು ದಿನ ಯಾರೂ ಕರೀದೇ ಇರೋ ಕಡೆ ಹೋಗಿ ಒಂದು ಮೀನು ಹಿಡೀಬೇಕು ಅಂತಿತ್ತು ನೋಡು. ಅಷ್ಟೇ."

ಮನೆಯಿಂದ ನೀರಿಗೆ ಒಂದು ಕೂಗಳತೆ. ಗಾಳದ ಕೋಲು ಬಾಗಿಲ ಹಿಂದೆಯೇ ಇತ್ತು.

*

ಸತ್ತವರು ಕೊನೆಗೆ ಮುಟ್ಟಿದ ಸಾಮಾನನ್ನು ಗೋರಿಯ ಮೇಲಿಟ್ಟು ಒಡೆಯುವುದು ದ್ವೀಪದ ಪದ್ಧತಿ. ಊರ ಹಿರಿಯ ಅಬ್ಸಲಮಜ್ಜ ಗೋರಿಯ ಮರಳಿನ ದಿಬ್ಬದ ಪಕ್ಕ ಮಂಡಿಯೂರಿ ದೊಡ್ಡಮ್ಮನ ಕಪ್ಪು ಒಡೆದರು, ತಟ್ಟೆ ಒಡೆದರು, ಕನ್ನಡಕ ಒಡೆದರು. ಆಮೇಲೆ ಕೈ ಚಾಚಿದರು.

"ಫೋನು ಕೊಡವ್ವ."

ವರ್ನೀಟಾ ತಾನೇ ಬಗ್ಗಿ ಅದನ್ನು ಹಸಿ ಮರಳಿನಲ್ಲಿ ಒತ್ತಿ ಇಟ್ಟಳು. ಅಜ್ಜ ಅವಳ ಕೈಗೆ ಕಲ್ಲು ಕೊಟ್ಟರು.

"ಒಡಿ. ಒಡೀದಿದ್ರೆ ಸತ್ತವರ ಸಂಕೋಲೆ ಕಡಿಯಲ್ಲ. ಮನೆಯ ಇನ್ನೊಬ್ರನ್ನ ಹಿಡ್ಕೊಳತ್ತೆ."

ಅವಳು ಕಲ್ಲು ಎತ್ತಿದಳು. ಸುತ್ತ ನಿಂತವರು ಉಸಿರು ಬಿಗಿಹಿಡಿದರು. ಫೋನು ಬೆಳಗಿತು. 'ನೀನ್ಯಾರೇ ಆಗಿರು,' ಎಂದು ಬರೆದಿದ್ದ ಲೂಷಸ್. 'ಆಸ್ಪತ್ರೆ ಬಾಗಿಲು ಹಾಕಿದ್ರು. ಹೊರಗೆ ಬೆಂಚಿನ ಮೇಲೆ ಕೂತಿದ್ದೀನಿ. ಡಯಾಲಿಸಿಸ್ ಚಳಿ ಇನ್ನೂ ಬಿಟ್ಟಿಲ್ಲ.'

"ಯಾರಾದ್ರೂ ಹೋಗಿ," ಎಂದಳು ವರ್ನೀಟಾ. "ದಮ್ಮಯ್ಯ, ಯಾರಾದ್ರೂ."

"ಹೋಗ್ತೀವಮ್ಮ, ಯಾಕೆ ಹೋಗಲ್ಲ," ಎಂದಳು ಡೊರೆತಾ ಮೆಲ್ಲಗೆ. "ಆದ್ರೆ ಬರ್ತೀನಿ ಅಂದೋಳು ನೀನು. ಅವನು ನಿನ್ ದಾರಿ ಕಾಯ್ತಿರೋದು."

ಕಲ್ಲು ಹಿಡಿದ ಕೈ ಸ್ವಲ್ಪ ಹೊತ್ತು ಮೇಲೆಯೇ ಇತ್ತು. ಆಮೇಲೆ ಅವಳು ಕಲ್ಲನ್ನು ಪಕ್ಕಕ್ಕಿಟ್ಟು, ಫೋನು ಎತ್ತಿ, ಕರಿಯ ಅಂಗಿಯ ತುದಿಗೆ ಮರಳು ಒರೆಸಿಕೊಂಡಳು. ಜನರ ಉಸಿರು ಸಡಿಲವಾಯಿತು. ಅನ್ನ, ಸೀಗಡಿ ಆರಿಹೋಗುತ್ತೆ, ನಡೀರಿ ಎಂದು ಯಾರೋ ಕರೆದರು.

ಕಾರಿನ ಮುಂದಿನ ಸೀಟಿನಲ್ಲಿ ಲೂಷಸ್ ಕೂರಬೇಕಲ್ಲ. ಅವಳು ಸೂಟ್‌ಕೇಸನ್ನು ಎಳೆದು ಡಿಕ್ಕಿಗೆ ಹಾಕಿದಳು.

ಗೇಟು ದಾಟುವಾಗ ತಿರುಗಿ ನೋಡಿದಳು. ಅಬ್ಸಲಮಜ್ಜ ಅಂಗೈಯಿಂದ ದಿಬ್ಬವನ್ನು ಸವರಿ ಸಮ ಮಾಡುತ್ತಿದ್ದರು. ಒಡೆದ ಕಪ್ಪು, ತಟ್ಟೆ, ಕನ್ನಡಕಗಳ ನಡುವೆ ಫೋನಿನಗಲದ ಒಂದು ಗುಳಿ ಉಳಿದಿತ್ತು. ಅದರ ಸುತ್ತಲಿನ ಮರಳನ್ನೆಲ್ಲ ತಟ್ಟಿ, ಆ ಗುಳಿಯನ್ನು ಮಾತ್ರ ಮುಚ್ಚದೆ ಬಿಟ್ಟು, ಅಜ್ಜ ಎದ್ದರು.