ಕೈಗೆ ತೆಗೆದುಕೊಳ್ಳದ ನೋಟೀಸು

"ಅಕ್ಕಾ, ಕೋರ್ಟಿನಿಂದ ರಿಜಿಸ್ಟರ್ ಬಂದಿದೆ. ಸಹಿ ಹಾಕ್ಬೇಕು, ಬಾಗಿಲು ತೆಗೀರಿ!"

ಅಂಚೆಯವನ ಕೂಗಿಗೆ ಇಸ್ತ್ರಿ ಅಂಗಡಿಯ ಅಕ್ಕ ಬೆಚ್ಚಿದಳು. ಒಳಗಿನಿಂದ ಚಿಲಕ ಹಾಕಿ, ಮಡಿಸಿದ ಬಟ್ಟೆಗಳ ರಾಶಿಯ ಹಿಂದೆ ಕೂತುಬಿಟ್ಟಳು. ಕಾದ ಇಸ್ತ್ರಿಪೆಟ್ಟಿಗೆಯ ಕೆಳಗೆ ಯಾರದೋ ಬಿಳಿ ಅಂಗಿ ಸುಡುತ್ತಿತ್ತು. ಎದ್ದು ಹೋಗಿ ತೆಗೆಯುವ ಧೈರ್ಯವೂ ಬರಲಿಲ್ಲ.

ಮುಂದೆ ಅಂಗಡಿ, ಹಿಂದೆ ಒಂದು ಕೋಣೆ. ಗಂಡ ತೀರಿಕೊಂಡ ಮೇಲೆ ಅವಳಿಗೂ ಮಗಳಿಗೂ ಈ ಬಾಡಿಗೆ ಜಾಗವೇ ಸರ್ವಸ್ವ. ಕಟ್ಟಡದ ಹಳೆಯ ಯಜಮಾನರು ತೀರಿಹೋದ ಮೇಲೆ ಅವರ ಅಳಿಯ "ಖಾಲಿ ಮಾಡ್ತೀಯೋ ಇಲ್ವೋ" ಎಂದು ಎರಡು ಸಲ ಗದರಿಸಿದ್ದ.

"ನಾಳೆ ಮತ್ತೆ ಬರ್ತೀನಿ. ಅದೇ ಕೊನೆ" ಎಂದು ಅಂಚೆಯವನು ಹೋದ. ಎದುರು ಜಗಲಿಯಲ್ಲಿ ಹೊಲಿಯುವ ದರ್ಜಿ ಮಾವ ಕೂಡಲೇ ಎದ್ದು ಬಂದರು. ಬೀದಿಯವರು ತಮಾಷೆಗೆ ಅವರನ್ನು ಜಡ್ಜ್ ಸಾಹೇಬರು ಎನ್ನುತ್ತಿದ್ದರು. ಕೇಳದಿದ್ದರೂ ತೀರ್ಪು ಕೊಡುತ್ತಿದ್ದರಲ್ಲ, ಅದಕ್ಕೆ.

"ಒಳ್ಳೇ ಕೆಲಸ ಮಾಡಿದೆ. ತಗೊಂಡ್ರೆ ತಾನೇ ಕೇಸು? ನಾಳೆ ಬೇಡ ಅಂತ ವಾಪಸ್ ಕಳಿಸು. ತಾನಾಗೇ ಬಿದ್ದುಹೋಗುತ್ತೆ."

ಸಂಜೆ ಹೈಸ್ಕೂಲಿನಿಂದ ಬಂದ ಮಗಳು ಇದನ್ನು ಕೇಳಿ ಬ್ಯಾಗು ಇಳಿಸುವುದನ್ನೂ ಮರೆತಳು. ಅವಳು ಶಾಲೆಯಲ್ಲಿ ಕಾನೂನು ವಿಷಯ ತೆಗೆದುಕೊಂಡಿದ್ದಳು. "ಮನೆಗೆ ಜಗಳ ತರೋ ಓದು ಯಾಕೆ ಬೇಕಿತ್ತು" ಎಂದು ತಾಯಿ ವರ್ಷವೆಲ್ಲ ಗೊಣಗಿದ್ದಳು.

"ಅಮ್ಮಾ, ವಾಪಸ್ ಕಳಿಸ್ಬೇಡ! ಬೇಡ ಅಂದ್ರೂ ತಲುಪಿದೆ ಅಂತಾನೇ ಕೋರ್ಟು ತಿಳ್ಕೋಬಹುದು. ನಾವು ಹೋಗ್ದಿದ್ರೆ ಅವರ ಮಾತು ಮಾತ್ರ ಕೇಳಿ ತೀರ್ಪು ಕೊಟ್ಟುಬಿಡಬಹುದು. ಆಗ ಬಾಗಿಲಿಗೆ ಬರೋದು ಅಂಚೆಯವನಲ್ಲ, ಸಾಮಾನು ಹೊರಗೆ ಹಾಕೋರು."

ಅಕ್ಕ ಕೇಳಿದಳು, "ಅಲ್ಲಿ ಹೋಗಿ ನಾನೇನು ಹೇಳ್ಲೇ? ಜಡ್ಜ್ ಮುಂದೆ ನಂಗೆ ಬಾಯೇ ಬರಲ್ಲ. ವಕೀಲರಿಗೆ ಕೊಡೋಕೆ ಏನಿದೆ ನಮ್ಮ ಹತ್ರ?"

"ಕೋರ್ಟಲ್ಲೇ ಉಚಿತ ಕಾನೂನು ನೆರವಿನ ಕೋಣೆ ಇದೆ. ನಮ್ ಟೀಚರ್ ಕರ್ಕೊಂಡು ಹೋಗಿ ತೋರಿಸಿದ್ರು. ನಮ್ಮಂಥೋರಿಗೆ ಅವರೇ ವಕೀಲರನ್ನ ಕೊಡ್ತಾರೆ. ನಾನೂ ಬರ್ತೀನಿ."

ಮರುದಿನ ಅಕ್ಕ ಸೊಟ್ಟಗೆ ಸಹಿ ಹಾಕಿದಳು. ಲಕೋಟೆ ಒಡೆದು ನೋಡಿದರೆ ಖಾಲಿ ಮಾಡಿಸಲು ಆ ಅಳಿಯನೇ ಹಾಕಿದ ಕೇಸು, ವಿಚಾರಣೆಗೆ ಉಳಿದಿದ್ದುದು ನಾಲ್ಕೇ ದಿನ. ಅವತ್ತೇ ಇಬ್ಬರೂ ಆ ಕೋಣೆಗೆ ಓಡಿದರು. ಅಲ್ಲಿನ ವಕೀಲೆ ಬಾಡಿಗೆ ರಸೀದಿಗಳನ್ನೆಲ್ಲ ತರಿಸಿಕೊಂಡು ಓದಿದರು.

ವಿಚಾರಣೆಯ ದಿನ ಹೆಸರು ಕೂಗಿದಾಗ ಅಕ್ಕ ಕೂತಲ್ಲಿಂದ ಏಳಲಿಲ್ಲ. ಮಗಳು ಮೊಣಕೈ ತಿವಿದಳು. "ಇದ್ದೀನಿ" ಎಂದಳು ಅಕ್ಕ, ಎದ್ದು ನಿಂತು, ಮೆಲ್ಲಗೆ. ಅಷ್ಟೇ ಸಾಕಾಯಿತು. ವಕೀಲೆ ರಸೀದಿ ತೋರಿಸಿ ಕೇಳಿದ್ದಕ್ಕೆ ಉತ್ತರ ಕೊಡಲು ಸಮಯ ಸಿಕ್ಕಿತು. ಅಲ್ಲಿಯವರೆಗೆ ಯಾರೂ ಅವರನ್ನು ಹೊರಹಾಕುವಂತಿಲ್ಲ ಎಂದು ಆದೇಶವೂ ಆಯಿತು. ಕೇಸು ಮುಗಿದಿಲ್ಲ, ಭಯವೂ ಪೂರ್ತಿ ಹೋಗಿಲ್ಲ. ಆದರೆ ಮುಂದಿನ ತಾರೀಖು ಯಾವಾಗ, ಯಾರನ್ನು ಕೇಳಬೇಕು ಎಂದು ಅಕ್ಕನಿಗೆ ಈಗ ಗೊತ್ತು. "ಇದನ್ನೇ ಓದೇ, ಬಿಡ್ಬೇಡ" ಎಂದು ಮಗಳಿಗೆ ಅವಳೇ ಹೇಳಿದಳು.

ಎಲ್ಲ ಕೇಳಿದ ದರ್ಜಿ ಮಾವ ಯಂತ್ರ ತುಳಿಯುವುದನ್ನು ನಿಲ್ಲಿಸಿದರು.

"ಎಂಟು ವರ್ಷದ ಹಿಂದೆ ನಂಗೂ ಒಂದು ಲಕೋಟೆ ಬಂದಿತ್ತಮ್ಮ. ವಾಪಸ್ ಕಳಿಸಿ, ಗೆದ್ದೆ ಅಂದ್ಕೊಂಡೆ. ಆರು ತಿಂಗಳಿಗೆ ನನ್ನ ಅಂಗಡಿ ಬೀಗ ಒಡೆದ್ರು. ಯಾಕೆ ಅಂತ ಇವತ್ತು ಗೊತ್ತಾಯ್ತು. ಆಗ ನನ್ನ ಮಗಳೂ ಹೈಸ್ಕೂಲಲ್ಲೇ ಇದ್ಲು. ಅವಳಿಗೆ ಇದನ್ನ ಯಾರೂ ಕಲಿಸಿರ್ಲಿಲ್ಲ."

ಅಪ್ಪ ಅಮ್ಮಂದಿರೇ, ಶಾಲೆಯಲ್ಲಿ ಕಾನೂನು ಓದಿದ ಮಗು ವಕೀಲನೇ ಆಗಬೇಕೆಂದಿಲ್ಲ. ಹೊಲಿಯಲಿ, ಬಸ್ಸು ಓಡಿಸಲಿ, ಅಂಗಡಿ ಇಡಲಿ, ಈ ತಿಳಿವಳಿಕೆ ಬೇಕೇ ಬೇಕು. ನಿಮ್ಮ ಮಕ್ಕಳ ಹೈಸ್ಕೂಲಿನಲ್ಲಿ ಈ ವಿಷಯ ಇದೆಯೇ, ನಾಳೆಯೇ ವಿಚಾರಿಸಿ. ಇದ್ದರೆ ಓದಿಸಿ. ಇಲ್ಲದಿದ್ದರೆ ನಾಲ್ಕು ಜನ ಪೋಷಕರು ಸೇರಿ ಹೋಗಿ, ಬೇಕು ಎಂದು ಕೇಳಿ. ನಿಮ್ಮ ಮನೆಗೆ ಕಾಗದ ಬರುವ ಮೊದಲೇ ಕೇಳಿ.